ಬಾನೆಟ್ಟಿನ ಮೇಲೆ ಇಟ್ಟ ಸರ

ಬಾನೆಟ್ ಅನ್ನುವ ಮಾತು ಬರುವವರೆಗೂ ಮಾರಮ್ಮ ಪಾಸ್ಟರ್ ಹೇಳುತ್ತಿದ್ದ ಕಥೆಯನ್ನು ನಂಬಿರಲಿಲ್ಲ.

ಭಾನುವಾರ. ಚೌಳಹಿರಿಯೂರಿನಿಂದ ಮೂರು ಮೈಲಿ ಆಚೆಯ ಊರು. ಊರ ಹೊರಗೆ ಚನ್ನಬಸಪ್ಪಗೌಡನ ಹಳೆಯ ಕೊಬ್ಬರಿ ಶೆಡ್ಡು. ಒಳಗೆ ಕಾಲೊನಿಯ ನಲವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ತಲೆಯ ಮೇಲೆ ತಗಡು ಕಾದಿತ್ತು. ಪೌಲ್ ವೇಣು ಪಾಸ್ಟರ್ ಮೈಕು ಹಿಡಿದು ಕಳೆದುಹೋದ ನಾಣ್ಯದ ಕಥೆ ಹೇಳುತ್ತಿದ್ದ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇದ್ದವು, ಒಂದು ಕಳೆಯಿತು, ಅವಳು ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕಿದಳು. ಅದು ಯೇಸು ಹೇಳಿದ ಕಥೆ. ಅದರ ಪಕ್ಕಕ್ಕೆ ಈ ಸೀಮೆಯದೊಂದು ಕಥೆಯನ್ನು ಇಟ್ಟು ಹೇಳುವುದು ವೇಣುವಿನ ರೂಢಿ. ಜನಕ್ಕೂ ಅದೇ ಹೆಚ್ಚು ಇಷ್ಟ.

"ಒಂದೂರಲ್ಲಿ ಒಂದು ದೊಡ್ಡ ಮನೆ," ಎಂದ ವೇಣು. "ಆ ಮನೇಲಿ ಒಂದು ಚಿನ್ನದ ಸರ ಕಳೆದೋಯ್ತು. ಹುಡುಕಿದ್ರು, ಸಿಗ್ಲಿಲ್ಲ. ಯಾರ್ಯಾರ ಮೇಲೋ ಅನುಮಾನ ಪಟ್ರು. ಎರಡು ವರ್ಷ ಆಯ್ತು. ಆ ಮನೆ ಹೆಣ್ಮಗಳು ಒಬ್ಳು ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದ್ಳು. ಆಮೇಲೇನಾಯ್ತು ಗೊತ್ತಾ? ಜೀಪು ಕೆಟ್ಟು ಅಜ್ಜಂಪುರದ ಗ್ಯಾರೇಜಿಗೆ ಹೋಗಿತ್ತು. ಮೆಕ್ಯಾನಿಕ್ಕು ಬಾನೆಟ್ ಎತ್ತಿದ. ಗಾಜಿನ ಕೆಳಗೆ, ವೈಪರ್ ಹತ್ರ, ಮಳೆ ನೀರು ಇಳಿಯೋ ಸಂದಿ ಇರುತ್ತಲ್ಲ, ಅಲ್ಲಿ ಎಲೆ ಕಸದ ಮಧ್ಯೆ ಸರ ಕೂತಿತ್ತು! ಕರ್ತನಿಗೆ?"

"ಸ್ತೋತ್ರ!" ಎಂದಿತು ಸಭೆ.

ಮಾರಮ್ಮ ಅನ್ನಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೊಲದ ಜೊತೆಯಾಳು ಈರಕ್ಕ ತಿರುಗಿ ನೋಡಿದಳು. ನೋಡಿ, ತಾನೂ ಬಾಯಿ ಮುಚ್ಚಿಕೊಂಡಳು.

ಮಾರಮ್ಮನಿಗೆ ಕಥೆಯ ಒಳಗು ಹೊರಗು ಗೊತ್ತು. ಇಪ್ಪತ್ತು ವರ್ಷ ಈರುಳ್ಳಿ ಹೊಲದಲ್ಲಿ ಕಥೆ ಹೇಳಿದವಳು ಅವಳು. ಎಂಟು ಹೆಣ್ಣಾಳು, ಎಂಟು ಸಾಲು. ಕುಕ್ಕರುಗಾಲಲ್ಲಿ ಕೂತು, ಕೂತಹಾಗೇ ಮುಂದೆ ಸರಿಯುತ್ತ ಕಳೆ ಕೀಳಬೇಕು. ಹತ್ತು ಗಂಟೆಗೆ ಮೊಣಕಾಲು ಸತ್ತುಹೋಗುತ್ತದೆ. ಹನ್ನೆರಡಕ್ಕೆ ಸೊಂಟ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಕಥೆ ಇಲ್ಲದಿದ್ದರೆ ಆ ಹೊತ್ತು ಕಳೆಯುವುದಿಲ್ಲ. ಕಥೆ ಹೇಳುವವಳ ಕೈ ನಿಧಾನವಾಗುತ್ತದೆ, ಅದಕ್ಕೆ ಅವಳ ಸಾಲಿನ ಕಳೆಯನ್ನು ಆಚೀಚಿನವರು ಹಂಚಿಕೊಂಡು ಕೀಳುತ್ತಾರೆ. ಕೇಳುವವರು ಹೂಂಗುಟ್ಟಬೇಕು. ಹೇಳುವವಳು ಇದ್ದದ್ದನ್ನು ನುಂಗಿದಳೋ, ಇಲ್ಲದ್ದನ್ನು ತುರುಕಿದಳೋ, ಹೂಂ ನಿಂತುಬಿಡುತ್ತದೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ಕುಡುಗೋಲು ಮಣ್ಣು ಕೆರೆಯುವ ಸದ್ದು ಮಾತ್ರ. ಆಗ ಹೇಳುವವಳು ಹಿಂದಕ್ಕೆ ಹೋಗಿ, ತಪ್ಪಿದ ಜಾಗದಿಂದ ಮತ್ತೆ ಶುರುಮಾಡಬೇಕು. ಹೊಲದ ಕಾನೂನು ಅದು.

ಕಟ್ಟಿದ ಕಥೆಯಲ್ಲಿ ಕಳೆದ ಸರ ಮೀನಿನ ಹೊಟ್ಟೆಯಲ್ಲಿ ಸಿಗುತ್ತದೆ. ಹುತ್ತದ ಬಾಯಲ್ಲಿ ಸಿಗುತ್ತದೆ. ವೈಪರಿನ ಸಂದಿಯಲ್ಲಿ ಎಲೆ ಕಸದ ಮಧ್ಯೆ ಸಿಗುವುದಿಲ್ಲ. ಇಂಥದ್ದನ್ನು ಯಾರೂ ಕುಳಿತು ಕಟ್ಟುವುದಿಲ್ಲ, ನಡೆದದ್ದೇ ಆಗಬೇಕು. ಮೇಲಾಗಿ, ಎರಡು ವರ್ಷದ ಹಿಂದೆ ಒಂದು ಜೀಪಿನ ಬಾನೆಟ್ಟಿನ ಮೇಲೆ ಒಂದು ಸರ ಇಟ್ಟವಳು ಮಾರಮ್ಮನೇ.

ಆವತ್ತು ದೀಪಾವಳಿ ಕಳೆದು ಹತ್ತು ದಿನವಾಗಿತ್ತು. ಮಾರಮ್ಮ ಮತ್ತು ಅವಳ ಗಂಡ ಗಿರಿಯಪ್ಪ ಮಧ್ಯಾಹ್ನ ಹೊಲದಿಂದ ನಡೆದು ಬರುತ್ತಿದ್ದರು. ಸಿಂಗಟಗೆರೆ ದಾರಿಯ ಮೋರಿಕಟ್ಟೆಗೆ ಬೈಕು ಗುದ್ದಿ ಒಬ್ಬ ಬಿದ್ದಿದ್ದ. ನೋಡಿದರೆ ಚನ್ನಬಸಪ್ಪನ ಮಗ ವಿಶ್ವಾರಾಧ್ಯ. ಎರಡು ಕಾರು ಬಂದವು. ನಿಧಾನ ಮಾಡಿದವು. ಗಾಜು ಇಳಿಸಿ ನೋಡಿ ಹೊರಟುಹೋದವು. ಗಿರಿಯಪ್ಪ ಈರುಳ್ಳಿ ಚೀಲ ತುಂಬಿದ್ದ ಲಗೇಜ್ ಆಟೊಗೆ ಅಡ್ಡ ನಿಂತು ನಿಲ್ಲಿಸಿದ. ಇಬ್ಬರೂ ಸೇರಿ ಅವನನ್ನು ಎತ್ತಿ ಚೀಲಗಳ ಮೇಲೆ ಮಲಗಿಸಿದರು. ತಲೆ ಮಾರಮ್ಮನ ತೊಡೆಯ ಮೇಲೆ. ನೀರು ನೀರು ಅಂದ. ಅವಳ ಬಾಟಲಿಯ ನೀರನ್ನೇ ಗಟಗಟ ಕುಡಿದ. ಜೀವ ಹೋಗುವಾಗ ಯಾರ ಬಾಟಲಿ ಎಂದು ಯಾರೂ ಕೇಳುವುದಿಲ್ಲ. ಕುತ್ತಿಗೆ ಊದಿ, ಕೊರಳಿನ ಸರ ಗಾಯದೊಳಗೆ ಕಚ್ಚಿಕೊಳ್ಳುತ್ತಿತ್ತು. ಮಾರಮ್ಮ ಅದನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆಸ್ಪತ್ರೆಯ ಬಾಗಿಲಿಗೆ ಚನ್ನಬಸಪ್ಪ ಜೀಪಿನಲ್ಲಿ ಬಂದಿಳಿದ. ಮಾರಮ್ಮ ಗಂಟು ಬಿಚ್ಚಿ ಸರವನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು.

"ಗೌಡ್ರೆ, ಚಿಕ್ಕ ಬುದ್ಯೋರ ಸರ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅಲ್ಲಿಡು," ಎಂದು ಬಾನೆಟ್ಟಿನ ಕಡೆ ಗಲ್ಲ ಎತ್ತಿದ.

ಅವಳ ಕೈತುಂಬ ಅವನ ಮಗನ ರಕ್ತ ಇತ್ತು. ಆ ಕೈಯಿಂದ ಮಗನ ಸರ ಈಸಿಕೊಳ್ಳಲು ಅವನಿಗೆ ಆಗಲಿಲ್ಲ. ಹೊಸದೇನಲ್ಲ. ಒಂದು ಕೊಬ್ಬರಿ ಚೂರು ಕೊಟ್ಟರೂ ಮೇಲಿಂದ ಕೈಬಿಡುವ ಮನುಷ್ಯ ಅವನು. ಮಾರಮ್ಮ ಸರವನ್ನು ಬಾನೆಟ್ಟಿನ ಮೇಲೆ ಇಟ್ಟಳು. ಜಾರಿ ಬೀಳದಿರಲಿ ಎಂದು ಗಾಜಿನ ಹತ್ತಿರಕ್ಕೆ ಸರಿಸಿದಳು. ಅದೇ ಹೊತ್ತಿಗೆ ಒಳಗಿಂದ ಡಾಕ್ಟರು, ಶಿವಮೊಗ್ಗಕ್ಕೆ ಕರಕೊಂಡು ಹೋಗಿ, ಬೇಗ, ಎಂದು ಕೂಗಿದರು. ಆಂಬುಲೆನ್ಸು ಹೊರಟಿತು. ಅದರ ಹಿಂದೆ ಜೀಪೂ ಹೊರಟಿತು.

ಮಾರನೆಯ ದಿನ ಪೊಲೀಸರು ಬಂದರು.

"ಸರ ಗೌಡ್ರ ಕೈಗೆ ಕೊಟ್ಯಾ?"

"ಅವ್ರು ನಮ್ಮ ಕೈಯಿಂದ ಈಸ್ಕಳ್ಳಾಕಿಲ್ಲ ಸ್ವಾಮಿ. ಬಾನೆಟ್ ಮೇಲೆ ಇಡು ಅಂದ್ರು, ಇಟ್ಟೆ."

"ಕೈಗೆ ಕೊಟ್ಯಾ ಇಲ್ವಾ, ಅಷ್ಟು ಹೇಳು."

"ಇಲ್ಲ ಸ್ವಾಮಿ."

ಚನ್ನಬಸಪ್ಪನೂ ಅದನ್ನೇ ಹೇಳಿದ. ನನ್ನ ಕೈಗೆ ಬಂದಿಲ್ಲ. ಅದು ನಿಜವೇ. ಅವನ ಕೈಗೆ ಇವರದ್ದೇನೂ ಯಾವತ್ತೂ ಬಂದಿಲ್ಲ. ಮುಟ್ಟಬಾರದು ಅಂತ ಅವನು ಇಟ್ಟುಕೊಂಡ ಆ ಎರಡು ಗೇಣು ಸಂದಿಯಲ್ಲಿ ಸರ ಬಿದ್ದುಹೋಯಿತು. ಅದಕ್ಕೆ ಗಿರಿಯಪ್ಪ ಕಳ್ಳನಾದ.

ಮೂರು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಬಲಗೈಯನ್ನು ಬೆಂಚಿನ ಮೇಲೆ ಇಡಿಸಿ ಲಾಠಿಯ ತುದಿಯಿಂದ ಕುಟ್ಟಿದರು. ಗಿರಿಯಪ್ಪ ತೆಂಗಿನಕಾಯಿ ಸುಲಿಯುವ ಆಳು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಎರಡೂ ಅಂಗೈಯಿಂದ ತಿರುವಿ ಸಿಪ್ಪೆ ಕೀಳಬೇಕು. ದಿನಕ್ಕೆ ಸಾವಿರ ಕಾಯಿ ಸುಲಿಯುತ್ತಿದ್ದ. ಠಾಣೆಯಿಂದ ಬಂದ ಮೇಲೆ ಎರಡು ಬೆರಳು ಮಡಿಸಲು ಆಗಲಿಲ್ಲ. ನಾಲ್ಕನೆಯ ದಿನ ಚನ್ನಬಸಪ್ಪ ಠಾಣೆಗೆ ಹೋಗಿ, ಹೋಗ್ಲಿ ಬಿಡಿ, ಬಡವರು, ಎಂದು ದೂರು ವಾಪಸು ತಗೊಂಡ. ಊರೆಲ್ಲ ಗೌಡನ ದೊಡ್ಡತನ ಹೊಗಳಿತು. ಗಿರಿಯಪ್ಪ ಕದ್ದಿಲ್ಲ ಅಂತ ಯಾರೂ ಹೇಳಲಿಲ್ಲ. ಗೌಡರು ಕ್ಷಮಿಸಿದರು ಅಂತ ಹೇಳಿದರು. ಅಲ್ಲಿಂದ ಅವನ ಹೆಸರು ಸರದ ಗಿರಿಯ ಎಂದಾಯಿತು. ತೋಟದ ಬೇಲಿ ಪಕ್ಕ ಹೋದರೂ ನಾಯಿ ಛೂ ಬಿಡುತ್ತಿದ್ದರು.

ಆಗ ಬಂದವನು ಈ ವೇಣು. ಕಡೂರು ಕಡೆಯ ಕಾಲೊನಿಯವನೇ. ಮನೆಯೊಳಗೆ ಬಂದು, ನೆಲದ ಮೇಲೆ ಕೂತು, ಗಿರಿಯಪ್ಪನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡಿದ. ಅಷ್ಟು ದಿನದಲ್ಲಿ ಆ ಕೈಯನ್ನು ಹೊರಗಿನವರು ಯಾರೂ ಮುಟ್ಟಿರಲಿಲ್ಲ. ಗಿರಿಯಪ್ಪ ಚಿಕ್ಕ ಮಗುವಿನ ಹಾಗೆ ಅತ್ತ. ಮುಂದಿನ ಭಾನುವಾರದಿಂದ ಸಭೆಗೆ ಹೋಗತೊಡಗಿದ. ಮಾರಮ್ಮ ಅವನ ಹಿಂದೆ ಹೋದಳು. ನಂಬಿಕೆಯಿಂದಲ್ಲ. ಇನ್ನೊಮ್ಮೆ ಯಾರೂ ಇವನಿಗೆ ಮೋಸ ಮಾಡದಿರಲಿ ಎಂದು ಕಾವಲಿಗೆ ಹೋದಳು. ತರೀಕೆರೆಯಲ್ಲಿದ್ದ ಅವಳ ತಮ್ಮ ಕಾಂತರಾಜು ಬುದ್ಧನಿಗೆ ನಡೆದುಕೊಳ್ಳುವವನು. ಗೌಡನ ಹೊಲದಿಂದ ಎದ್ದು ಗೌಡನ ಶೆಡ್ಡಲ್ಲಿ ಕೂತ್ರಲ್ಲಕ್ಕಾ, ಎಂದು ಫೋನಿನಲ್ಲಿ ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ.

ಈಗ ಸಭೆ ಮುಗಿದು ಜನ ಹೊರಟರು. ವೇಣು ಮೈಕಿನ ವೈರು ಸುತ್ತುತ್ತಿದ್ದ. ಮಾರಮ್ಮ ಅವನ ಎದುರಿಗೆ ಹೋಗಿ ನಿಂತಳು.

"ಪಾಸ್ಟ್ರೆ, ಆ ದೊಡ್ಡ ಮನೆ ಯಾವ್ದು?"

"ಅದು ಸಾಮ್ಯ ಅಕ್ಕಾ, ನೀತಿ ಹೇಳೋ ಕಥೆ. ಸಾಮ್ಯದಲ್ಲಿ ಹೆಸರು ಇರಲ್ಲ. ಅರ್ಥ ಇರುತ್ತೆ."

"ನಾಣ್ಯದ್ದು ಸಾಮ್ಯ. ಜೀಪಿಂದು ಸಾಮ್ಯ ಅಲ್ಲ. ಬಾನೆಟ್ಟು, ವೈಪರ್ರು, ಎಲೆ ಕಸ. ಇದ್ನ ನೀವು ಕಟ್ಟಿಲ್ಲ. ಯಾರು ಹೇಳಿದ್ದು?"

ವೇಣು ವೈರು ಸುತ್ತುವುದನ್ನು ನಿಲ್ಲಿಸಿದ. ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ಗೌಡ್ರ ಸೊಸೆ," ಎಂದ ದನಿ ತಗ್ಗಿಸಿ. "ಹೇಮಶ್ರೀ. ಸರ ಸಿಕ್ಕಿದ ಮೇಲೆ ಅವಳಿಗೆ ನಿದ್ದೆ ಇಲ್ಲ. ಪ್ರಾರ್ಥನೆ ಮಾಡಿ ಅಂತ ಫೋನ್ ಮಾಡಿ ಹೇಳ್ಕೊಂಡು ಅತ್ಲು. ನಂಬಿಕೆ ಮೇಲೆ ಹೇಳಿದ ಮಾತು ಅಕ್ಕಾ ಅದು."

"ನಂಬ್ಕೆ ಮೇಲೆ ಹೇಳಿದ್ನ ಮೈಕಲ್ಲಿ ಹೇಳುದ್ರಲ್ಲ."

"ಹೆಸರು ಹೇಳಿಲ್ಲವಲ್ಲ."

"ಸರ ಯಾವಾಗ ಸಿಕ್ತು?"

"ಆಷಾಢದಲ್ಲಿ."

ಆಷಾಢ ಕಳೆದು ಐದು ತಿಂಗಳಾಗಿತ್ತು. ಆ ಐದು ತಿಂಗಳೂ ಗಿರಿಯಪ್ಪ ಸರದ ಗಿರಿಯನಾಗಿಯೇ ಓಡಾಡಿದ್ದ. ಈ ಐದು ತಿಂಗಳು ಆ ಮನೆಯವರು ಊಟ ಮಾಡಿದ್ದಾರೆ, ಹಬ್ಬ ಮಾಡಿದ್ದಾರೆ.

"ನಿಮ್ಗೂ ಗೊತ್ತಿತ್ತು. ಒಂದಿನ ಬಂದು ಹೇಳ್ಲಿಲ್ಲ. ನಿಮ್ಗೆ ಅದು ಕಥೆ ಮಾಡಾಕೆ ಬೇಕಾಯ್ತು, ನಮ್ಗೆ ಹೇಳಾಕೆ ಬೇಕಾಗ್ಲಿಲ್ಲ."

ವೇಣುವಿನ ಮುಖ ಕಪ್ಪಿಟ್ಟಿತು. ಅವನು ಕೆಟ್ಟವನಲ್ಲ. ಹೆದರಿದವನು. ಮಳೆಗಾಲದಲ್ಲಿ ಒಂದಷ್ಟು ಹುಡುಗರು ಶೆಡ್ಡಿಗೆ ನುಗ್ಗಿ, ಮತಾಂತರ ಮಾಡ್ತೀರಾ ಎಂದು ಕೂಗಾಡಿ, ಎಲ್ಲರ ಮುಖದ ವಿಡಿಯೊ ಮಾಡಿದ್ದರು. ಅವರನ್ನು ಗದರಿಸಿ ಕಳಿಸಿದವನು ಚನ್ನಬಸಪ್ಪ. ಕಾಲೊನಿಯ ಮೇಲಿನ ಪ್ರೀತಿಗಲ್ಲ. ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು. ಅವತ್ತಿನಿಂದ ವೇಣುವಿನ ಕಥೆಗಳ ಬಣ್ಣ ತಿರುಗಿದ್ದನ್ನು ಮಾರಮ್ಮ ಗಮನಿಸಿದ್ದಳು. ಅದಕ್ಕೆ ಮೊದಲು ಅವನ ಕಥೆಯ ದೊಡ್ಡ ಮನೆಗಳಲ್ಲಿ ಹಸಿದವನನ್ನು ಬಾಗಿಲಿಂದ ಅಟ್ಟುತ್ತಿದ್ದರು. ಆಮೇಲೆ ಅದೇ ಮನೆಗಳಲ್ಲಿ ಕರೆದು ಅನ್ನ ಹಾಕತೊಡಗಿದರು. ಯೇಸು ಅದೇ ಯೇಸು, ಶೆಡ್ಡು ಮಾತ್ರ ಗೌಡನದು.

"ಅಕ್ಕಾ, ಕ್ರಿಸ್ಮಸ್‌ಗೆ ಗೌಡ್ರು ಬರ್ತಾರೆ," ಎಂದ ವೇಣು. "ಕಂಬಳಿ ಹಂಚ್ತಾರೆ. ಅವತ್ತು ನೀವು ಸಾಕ್ಷಿ ಹೇಳ್ಬೇಕು ಅಂತ ನಾನು ಮೊದ್ಲೇ ಅಂದ್ಕೊಂಡಿದ್ದೆ. ಕಷ್ಟ ಬಂತು, ಕರ್ತನ ಹತ್ರ ಬಂದ್ವಿ, ಮನಸ್ಸಿಗೆ ಸಮಾಧಾನ ಸಿಕ್ತು, ನೋಯಿಸಿದೋರನ್ನ ಕ್ಷಮಿಸಿದ್ವಿ. ಅಷ್ಟೇ. ನೀವು ಹೇಳಿದ್ರೆ ಕಲ್ಲೂ ಕರಗುತ್ತೆ. ಕ್ಷಮೆಯ ಮಾತು ಕೇಳಿದ್ರೆ ಗೌಡ್ರ ಮನಸ್ಸೂ ಬದಲಾಗ್ಬಹುದು."

"ಯಾರು ಯಾರ್ನ ಕ್ಷಮಿಸ್ಬೇಕು ಪಾಸ್ಟ್ರೆ?"

ಅವನು ಉಳಿದ ವೈರು ಸುತ್ತಿದ.

ಮನೆಗೆ ಬಂದು ಗಿರಿಯಪ್ಪನಿಗೆ ಹೇಳಿದಳು. ಅವನು ಗೋಡೆಗೆ ಒರಗಿ ಕೂತಿದ್ದ. ಕೇಳಿ, ಮಡಿಸಲಾಗದ ಎರಡು ಬೆರಳನ್ನು ಎಡಗೈಯಿಂದ ನೀವಿಕೊಂಡ.

"ಸಿಕ್ತಾ," ಎಂದ. "ಸಿಕ್ತಲ್ಲ, ಹೋಗ್ಲಿ."

"ಏನ್ ಹೋಗ್ಲಿ?"

"ದೇವ್ರಿಗೆ ಗೊತ್ತೈತಲ್ಲ ಮಾರಿ. ಅಷ್ಟು ಸಾಕು ಬಿಡು ನಂಗೆ."

"ನಂಗೆ ಸಾಲ್ದು. ದೇವ್ರಿಗೆ ಮೊದ್ಲೂ ಗೊತ್ತಿತ್ತು. ನಿನ್ ಕೈ ಕುಟ್ಟುವಾಗ್ಲೂ ಗೊತ್ತಿತ್ತು. ಗೊತ್ತಾಗ್ಬೇಕಾಗಿರೋದು ಊರಿಗೆ."

ಮಗಳು ಭೂಮಿಕಾ ಒಳಗಿಂದ ಬಂದಳು. ಕಡೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಸಭೆಗೆ ಬರುತ್ತಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಹುಡುಗಿಯೊಬ್ಬಳು ಇವಳು ಹತ್ತಿದ ಕೂಡಲೇ ಕೊರಳ ಸರ ಒಳಗೆ ಹಾಕಿಕೊಳ್ಳುತ್ತಿದ್ದಳು. ಅದನ್ನು ಅವಳು ತಾಯಿಗೆ ಒಮ್ಮೆ ಮಾತ್ರ ಹೇಳಿದ್ದಳು.

"ಅವ್ವ, ಆ ನಾಣ್ಯದ ಕಥೆ ಪಾಸ್ಟರ್ ಎಲ್ಲಿಗೆ ನಿಲ್ಸಿದ್ರು?"

"ಸಿಕ್ತು ಅಂದ್ರು. ಸ್ತೋತ್ರ ಅಂದ್ರು."

ಭೂಮಿಕಾ ಗೂಡಿನಿಂದ ಪಾಸ್ಟರ್ ಕೊಟ್ಟಿದ್ದ ನೀಲಿ ಪುಸ್ತಕ ತೆಗೆದಳು. ಹಾಳೆ ತಿರುವಿ ಹುಡುಕಿ, ತನ್ನಷ್ಟಕ್ಕೆ ಓದಿಕೊಂಡಳು. ಆಮೇಲೆ ತಲೆಯೆತ್ತಿದಳು.

"ಅದು ಅಲ್ಲಿಗೆ ಮುಗಿಯಲ್ಲ ಕಣವ್ವ. ನಾಣ್ಯ ಸಿಕ್ಕಿದ ಮೇಲೆ ಆ ಹೆಂಗಸು ಗೆಳತೀರ್ನ, ಅಕ್ಕಪಕ್ಕದ ಮನೆಯೋರ್ನ ಎಲ್ಲಾ ಕರೀತಾಳೆ. ಕರೆದು ಹೇಳ್ತಾಳೆ, ಕಳೆದಿದ್ದು ಸಿಕ್ತು ಅಂತ. ಇಲ್ಲೇ ಬರೆದಿದೆ ನೋಡು."

"ಇನ್ನೊಂದ್ಸಾರಿ ಓದು."

ಭೂಮಿಕಾ ಓದಿದಳು. ಮಾರಮ್ಮ ಮೂರನೆಯ ಸಲವೂ ಓದಿಸಿದಳು. ಪಾಸ್ಟರ್ ಬಿಟ್ಟದ್ದು ಒಂದೇ ಒಂದು ಸಾಲು. ಕಥೆಯ ಜೀವ ಅದರಲ್ಲೇ ಇತ್ತು. ಕಳೆದಾಗ ಊರಿಗೆಲ್ಲ ಕೇಳುವ ಹಾಗೆ ಕೂಗಿದವರು ಸಿಕ್ಕಾಗ ಬಾಗಿಲು ಹಾಕಿಕೊಳ್ಳಬಾರದು. ಎರಡು ವರ್ಷದಲ್ಲಿ ಮೊದಲ ಸಲ ಆ ಪುಸ್ತಕದ ಮೇಲೆ ಅವಳಿಗೆ ಸ್ವಲ್ಪ ಗೌರವ ಬಂತು. ಹೇಳುವವರ ಮೇಲೆ ಬರಲಿಲ್ಲ.

ಕ್ರಿಸ್ಮಸ್ ಬಂತು. ಬೆಳಿಗ್ಗೆ ಹನ್ನೊಂದು ಗಂಟೆ. ಶೆಡ್ಡಿಗೆ ಬಣ್ಣದ ಕಾಗದ ಕಟ್ಟಿದ್ದರು. ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಚನ್ನಬಸಪ್ಪ, ಇನ್ನೊಂದರಲ್ಲಿ ವಿಶ್ವಾರಾಧ್ಯ. ಪಕ್ಕದಲ್ಲಿ ಕಂಬಳಿಗಳ ರಾಶಿ. ಎಲ್ಲರೂ ಚಾಪೆಯ ಮೇಲೆ, ಅವರಿಬ್ಬರೇ ಕುರ್ಚಿಯ ಮೇಲೆ. ವೇಣು ಹಾರ ಹಾಕಿದ. ಚನ್ನಬಸಪ್ಪ ಅದನ್ನು ಕೂಡಲೇ ತೆಗೆದು ಕುರ್ಚಿಯ ಕೈಗೆ ನೇತುಹಾಕಿದ. ವಿಶ್ವಾರಾಧ್ಯ ಬಿಳಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದ. ಕೊರಳಲ್ಲಿ ಸರ ಹೊಳೆಯುತ್ತಿತ್ತು. ಅದೇ ಸರ. ಒಂದು ಕೊಂಡಿ ಸೊಟ್ಟಗಾಗಿತ್ತು. ಸೊಟ್ಟ ಮಾಡಿದವಳು ಮಾರಮ್ಮನೇ, ಅವತ್ತು ಆಟೊದಲ್ಲಿ ಹಲ್ಲಿನಿಂದ ಕಚ್ಚಿ ಬಿಡಿಸುವಾಗ.

ಅವನು ಯಾಕೆ ಹಾಕಿಕೊಂಡು ಬಂದ? ಮರೆತಿದ್ದ, ಅಷ್ಟೇ. ಸರ ಅವರಿಗೆ ಸಿಕ್ಕಿತ್ತು, ಅಲ್ಲಿಗೆ ಅವರ ಕಥೆ ಮುಗಿದಿತ್ತು. ಇವರಿಗೂ ಒಂದು ಕಥೆ ಇದೆ ಅನ್ನುವುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ಹಾಡಾಯಿತು, ಬೈಬಲ್ ವಾಕ್ಯವಾಯಿತು. ಆಮೇಲೆ ವೇಣು ಮೈಕಿನಲ್ಲಿ, "ಈಗ ನಮ್ಮ ಮಾರಮ್ಮ ಸಿಸ್ಟರ್ ಒಂದು ಚಿಕ್ಕ ಸಾಕ್ಷಿ ಹೇಳ್ತಾರೆ," ಎಂದ. ಚಿಕ್ಕ ಅನ್ನುವುದನ್ನು ಒತ್ತಿ ಹೇಳಿದ.

ಮಾರಮ್ಮ ಎದ್ದಳು. ಮೈಕು ಬೇಡ ಎಂದು ಕೈ ಆಡಿಸಿದಳು. ಈರುಳ್ಳಿ ಹೊಲದಲ್ಲಿ ಮೈಕಿಲ್ಲ. ಗೌಡನ ಕಡೆ ಬೆನ್ನು ಮಾಡಿ, ಹೆಂಗಸರ ಕಡೆ ತಿರುಗಿ ನಿಂತಳು.

"ಒಂದೂರಲ್ಲಿ ಒಬ್ಬ ಕಾಯಿ ಸುಲಿಯೋನಿದ್ದ."

ಈರಕ್ಕ, "ಹೂಂ," ಎಂದಳು.

"ಅವನೂ ಅವನ ಹೆಂಡ್ತಿಯೂ ದಾರೀಲಿ ಬತ್ತಿರುವಾಗ ಮೋರಿ ಹತ್ರ ಒಬ್ಬ ಬಿದ್ದಿದ್ದ. ಎರಡು ಕಾರು ನೋಡ್ಕೊಂಡು ಹೋದ್ವು."

"ಹೂಂ," ಎಂದರು ಮೂವರು ಹೆಂಗಸರು.

"ಎತ್ತಿ ಆಟೊಗೆ ಹಾಕಿದ್ರು. ನೀರು ಕುಡ್ಸಿದ್ರು. ಕೊರಳ ಸರ ಗಾಯಕ್ಕೆ ಒತ್ತುತ್ತಿತ್ತು. ಬಿಚ್ಚಿ ಸೆರಗಿಗೆ ಕಟ್ಕೊಂಡ್ಳು. ಆಸ್ಪತ್ರೆ ಹತ್ರ ಅವರಪ್ಪ ಬಂದ್ರು. ತಗಳಿ ಅಂತ ಕೈ ನೀಡಿದ್ಳು. ಆ ಯಜಮಾನ್ರು ಏನಂದ್ರು ಗೊತ್ತಾ?"

ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲದ ಮಾತಲ್ಲ ಅದು. ಪ್ರತಿಯೊಬ್ಬರಿಗೂ ಯಾವತ್ತಾದರೂ ಒಂದು ದಿನ ಯಾರಾದರೂ ಹೇಳಿದ ಮಾತು.

"ಅಲ್ಲಿಡು ಅಂದ್ರು," ಎಂದಳು ಈರಕ್ಕ.

"ಬಾನೆಟ್ ಮೇಲೆ ಇಟ್ಳು. ಜೀಪು ಹೋಯ್ತು. ಸರ ಕಾಣೆ. ಕಾಯಿ ಸುಲಿಯೋನ ಕೈ ಕುಟ್ಟಿದ್ರು. ಕಳ್ಳ ಅಂದ್ರು."

"ಹೂಂ."

"ಸಿಸ್ಟರ್," ಎಂದ ವೇಣು ಮೈಕಿನಲ್ಲಿ. "ಕರ್ತನು ಕೊಟ್ಟ ಸಮಾಧಾನದ ಬಗ್ಗೆ ಹೇಳಿ. ಕ್ಷಮೆ ಬಗ್ಗೆ ಹೇಳಿ. ಹಲ್ಲೆಲೂಯಾ!"

ಗಂಡಸರ ಕಡೆಯಿಂದ ಒಂದೆರಡು ಹಲ್ಲೆಲೂಯಾ ಬಂದವು. ಹೆಂಗಸರ ಕಡೆಯಿಂದ ಒಂದೂ ಬರಲಿಲ್ಲ. ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳಿಸಿತು. ಕಥೆಗಾರ ವೇಣುವಿಗೆ ಆ ಮೌನ ಏನೆಂದು ಗೊತ್ತಾಯಿತು. ಅವನ ತಾಯಿಯೂ ಕಳೆ ಕಿತ್ತವಳೇ. ಮೈಕನ್ನು ಕೆಳಗಿಳಿಸಿದ.

ಮಾರಮ್ಮ ಮುಂದುವರಿಸಿದಳು. "ನಾಣ್ಯದ ಕಥೆ ಕೇಳಿದ್ರಲ್ಲ ಎಲ್ಲಾರು. ಪಾಸ್ಟ್ರು ಒಂದು ಮಾತು ಬಿಟ್ರು. ನಾಣ್ಯ ಸಿಕ್ಕಿದ್ಮೇಲೆ ಆ ಹೆಂಗ್ಸು ಅಕ್ಕಪಕ್ಕದೋರ್ನೆಲ್ಲಾ ಕರೆದು ಸಿಕ್ತು ಅಂತ ಹೇಳ್ತಾಳೆ. ನನ್ ಮಗ್ಳು ಓದಿದ್ಳು. ಯೇಸು ಹೇಳಿದ್ದು ಹಂಗೆ."

"ಹೂಂ." ಈಗ ಹೆಂಗಸರೆಲ್ಲರೂ ಒಟ್ಟಿಗೆ ಅಂದರು. ಆ ಸದ್ದಿಗೆ ಚನ್ನಬಸಪ್ಪ ಕುರ್ಚಿಯಲ್ಲಿ ನೆಟ್ಟಗಾದ.

ಮಾರಮ್ಮ ಅವನ ಕಡೆ ತಿರುಗಿದಳು.

"ಗೌಡ್ರೆ, ಸರ ಸಿಕ್ತಾ ಇಲ್ವಾ?"

ವಿಶ್ವಾರಾಧ್ಯನ ಕೈ ತಾನಾಗಿಯೇ ಮೇಲೆದ್ದು ಅಂಗಿಯ ಗುಂಡಿ ಹಾಕಲು ಹೋಯಿತು. ಬೆರಳು ತಡವರಿಸಿತು. ಗುಂಡಿ ಬೀಳಲಿಲ್ಲ. ನಲವತ್ತು ಜನರೂ ಆ ಬೆರಳನ್ನು ನೋಡಿದರು. ಅದರ ಹಿಂದಿದ್ದ ಸರವನ್ನೂ ನೋಡಿದರು.

"ಇದೇನ್ರೀ ಪಾಸ್ಟರ್ ಇದು?" ಎಂದ ಚನ್ನಬಸಪ್ಪ. "ಹಬ್ಬಕ್ಕೆ ಅಂತ ಕರೆದು ಪಂಚಾಯ್ತಿ ಸೇರಿಸಿದೀರಾ? ನಾನು ಜಾಗ ಕೊಟ್ಟಿದ್ದು ಇದಕ್ಕಾ?"

"ಅಕ್ಕಾ," ಎಂದ ವೇಣು. "ಸಾಕು ಅಕ್ಕಾ. ಶೆಡ್ಡು ಹೋಗುತ್ತೆ. ಇಷ್ಟು ಜನ ಎಲ್ಲಿ ಕೂರೋದು?"

"ಹೊಲದಲ್ಲಿ ಕೂತ್ರೂ ಕಥೆ ಕೇಳುಸ್ತದೆ ಬಿಡಿ ಪಾಸ್ಟ್ರೆ," ಎಂದಳು ಈರಕ್ಕ, ಕೂತಲ್ಲಿಂದಲೇ.

ಅಷ್ಟರಲ್ಲಿ ಭೂಮಿಕಾ ಬಾಗಿಲಲ್ಲಿ ಫೋನು ಎತ್ತಿ ಹಿಡಿದಿದ್ದು ಚನ್ನಬಸಪ್ಪನ ಕಣ್ಣಿಗೆ ಬಿತ್ತು. ಅವನು ಹಳೆಯ ಮನುಷ್ಯ, ಆದರೆ ದಡ್ಡನಲ್ಲ. ಮುಖ ಬದಲಾಯಿಸಿದ. ಎದ್ದು ನಿಂತು ನಕ್ಕ.

"ಆಯ್ತು, ಏನೋ ಆಗೋಯ್ತು. ಹಳೇದೆಲ್ಲಾ ಈಗ್ಯಾಕೆ? ಬಾರಮ್ಮ, ಮೊದಲ್ನೇ ಕಂಬಳಿ ನಿಂಗೇ. ತಗೋ."

ಕಂಬಳಿ ಎತ್ತಿ ತಾನೇ ಎರಡು ಹೆಜ್ಜೆ ಮುಂದೆ ಬಂದ. ಎರಡೂ ಕೈಯಿಂದ ಚಾಚಿದ. ಮೇಲಿಂದ ಬಿಡಲಿಲ್ಲ. ಅವಳ ಕೈಯ ಮಟ್ಟಕ್ಕೆ ತಂದು ಹಿಡಿದ. ಅವನ ಆಯುಷ್ಯದಲ್ಲಿ ಕಾಲೊನಿಯ ಒಬ್ಬರ ಕೈಗೆ ಅವನು ಹಾಗೆ ಏನನ್ನೂ ಕೊಟ್ಟಿರಲಿಲ್ಲ. ತೆಗೆದುಕೊಂಡರೆ ಅದೂ ಒಂದು ಕಥೆಯಾಗುತ್ತಿತ್ತು. ಮುಂದಿನ ಭಾನುವಾರ ಕಡೂರಲ್ಲೋ ಬೀರೂರಲ್ಲೋ ಯಾವನೋ ಅದನ್ನು ಮೈಕಿನಲ್ಲಿ ಹೇಳುತ್ತಿದ್ದ. ಒಂದೂರಲ್ಲಿ ಒಬ್ಬ ದೊಡ್ಡ ಮನುಷ್ಯ, ಅವನ ಮನಸ್ಸು ಕರಗಿತು, ಕರ್ತನಿಗೆ ಸ್ತೋತ್ರ.

ಮಾರಮ್ಮ ಆ ಕೈಗಳನ್ನು ನೋಡಿದಳು. ಹತ್ತು ಬೆರಳೂ ಸರಿಯಾಗಿ ಮಡಚಿಕೊಂಡಿದ್ದವು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅಲ್ಲಿಡಿ," ಎಂದು ಗಲ್ಲದಿಂದ ನೆಲದ ಕಡೆ ತೋರಿಸಿದಳು.

ಚನ್ನಬಸಪ್ಪನ ಕೈ ಚಾಚಿದ ಹಾಗೇ ಉಳಿಯಿತು. ಹೆಂಗಸರೂ ಸುಮ್ಮನಿದ್ದರು. ಅವರು ಕಾಯುತ್ತಿದ್ದರು. ಈ ಮಾತಿಗೆ ಮೊದಲು ಹೂಂಗುಟ್ಟಬೇಕಾದವರು ಬೇರೆ ಯಾರೋ ಇದ್ದರು.

ಗಂಡಸರ ಕಡೆ, ಕೊನೆಯ ಸಾಲಿನಲ್ಲಿ, ಇಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಗಿರಿಯಪ್ಪ ಎಡಗೈ ಊರಿ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ಹೂಂ," ಎಂದ.